ದೇವಳಾಲಿಯಿಂದ ವಾಳೂಜಿಗೆ ಒಬ್ಬ ಗನ್ನರನ ಇಷ್ಟಲಿಂಗ

ದಿಲ್ಲಿಗೆ ಹೋಗುವ ರೈಲು ಗುಲ್ಬರ್ಗಕ್ಕೆ ಬರುವುದು ಬೆಳಗಿನ ಜಾವ. ತಪ್ಪಿಹೋದೀತೆಂಬ ಭಯಕ್ಕೆ ನಾನು ಹಿಂದಿನ ರಾತ್ರಿಯೇ ಸ್ಟೇಷನ್ನಿಗೆ ಹೋಗಿ ಕೂತಿದ್ದೆ. ಮನೆಯಿಂದ ಅಲ್ಲಿಗೆ ಆಟೋದಲ್ಲಿ ಹತ್ತು ನಿಮಿಷದ ದಾರಿ. ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ಅಲ್ಲೇ ಒಂದು ಖೋಲಿ ಬಾಡಿಗಿ ಹಿಡೀರಿ, ಪ್ರತಿ ಸರ್ತಿ ಸಲೀಸಾಗ್ತದ" ಎಂದಿದ್ದಳು. ಬ್ಯಾಗಿನಲ್ಲಿ ಒಂದು ಟೇಪ್ ರೆಕಾರ್ಡರ್, ಅದಕ್ಕೆ ಸೆಲ್‌ಗಳು, ಆ ಸೆಲ್‌ಗಳು ಕೆಟ್ಟರೆ ಇರಲೆಂದು ಇನ್ನಷ್ಟು ಸೆಲ್‌ಗಳು, ಹೊಟ್ಟೆಯುರಿಗೆ ಗುಳಿಗೆ, ಕಟಕ ರೊಟ್ಟಿ, ಶೇಂಗಾ ಹಿಂಡಿ ಮತ್ತು ನನ್ನ ಪ್ರಶ್ನಾವಳಿ.

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ವಿದ್ಯಾರ್ಥಿಯಾಗಿದ್ದೆ. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ಹೇಳಿ ಬೇಸತ್ತು, ಇಲಾಖೆ ಕೊಟ್ಟ ರಜೆಯ ಮೇಲೆ ಎಂ.ಫಿಲ್.ಗೆ ಸೇರಿದ್ದೆ. ವಿಶ್ವವಿದ್ಯಾಲಯದ ಕಾವಲುಗಾರ ಮೊದಲ ವಾರವೆಲ್ಲ "ಪಾಲಕರ ಭೇಟಿ ಸಂಜಿಗ್ರಿ" ಎಂದು ನನ್ನನ್ನು ಗೇಟಿನಲ್ಲೇ ತಡೆಯುತ್ತಿದ್ದ. ನನ್ನ ಮಾರ್ಗದರ್ಶಕಿ ನನಗಿಂತ ಬಹಳ ಚಿಕ್ಕವರು. ನನ್ನನ್ನು 'ಸರ್' ಎನ್ನಬೇಕೋ ಬೇಡವೋ ಎಂದು ಅವರಿಗೂ ಸಂಕಟ, ಎದ್ದು ನಿಲ್ಲಬೇಕೋ ಬೇಡವೋ ಎಂದು ನನಗೂ ಸಂಕಟ. ಕಾರ್ಗಿಲ್ ಯುದ್ಧದಲ್ಲಿ ಮಡಿದ ನಮ್ಮ ಕಡೆಯ ಸೈನಿಕರನ್ನು ಅವರವರ ಊರು ಹೇಗೆ ನೆನಪಿಟ್ಟುಕೊಂಡಿದೆ ಎಂಬುದು ನನ್ನ ವಿಷಯ. 'ಸಾಮೂಹಿಕ ನೆನಪು' ಎಂಬ ಮಾತನ್ನು ಅವರೇ ಕಲಿಸಿದ್ದು. ಯುದ್ಧ ಮುಗಿದು ಆಗ ಒಂಬತ್ತು ವರ್ಷ ಕಳೆದಿತ್ತು.

ಹಿಂದಿನ ತಿಂಗಳು ನಾನು ಬೀದರ ಜಿಲ್ಲೆಯ ಒಂದು ಹಳ್ಳಿಗೆ ಹೋಗಿ ಅವರಲ್ಲೊಬ್ಬನಾದ, ಫಿರಂಗಿ ಪಡೆಯ ಗನ್ನರ್ ಮಲ್ಲಿಕಾರ್ಜುನನ ಸ್ಮಾರಕ ನೋಡಿ ಬಂದಿದ್ದೆ. ಸಮಾಧಿಯ ಮೇಲೆ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಕಪ್ಪು ಕಲ್ಲು, ಕಲ್ಲಿನ ಮೇಲೆ ಎದೆಮಟ್ಟದ ಮೂರ್ತಿ. ಮೂರ್ತಿಗೆ ಭಾರಿ ಮೀಸೆ. ಹುಡುಗನಿಗೆ ಮೀಸೆ ಇತ್ತೇ ಎಂದು ಕೇಳಿದರೆ ಪಂಚಾಯಿತಿಯ ಹಿರಿಯರೊಬ್ಬರು, "ಎಲ್ಲೀದ್ ಮೀಸಿ ರೀ, ಬೋಳಿಸ್ತಿದ್ದ. ಹುತಾತ್ಮಗ ಮೀಸಿ ಇಲ್ದಿದ್ರ ಛಲೋ ಕಾಣಂಗಿಲ್ಲಂತ ನಾವಽ ಹಾಕಿಸೀವಿ" ಎಂದರು. ಮಾರ್ಗದರ್ಶಕಿ ಈ ಮಾತಿನ ಕೆಳಗೆ ಕೆಂಪು ಗೆರೆ ಎಳೆದು ಖುಷಿಪಟ್ಟರು. ಆದರೆ ಮನೆಯವರು ಯಾರೂ ಆ ಊರಿನಲ್ಲಿರಲಿಲ್ಲ. ಅವನ ಹೆಂಡತಿ ಶಶಿಕಲಾ ನಾಸಿಕದ ಹತ್ತಿರ ದೇವಳಾಲಿ ಕ್ಯಾಂಪಿನಲ್ಲಿ, ತಾಯಿ ಕಿರಿಯ ಮಗನೊಂದಿಗೆ ಔರಂಗಾಬಾದಿನ ವಾಳೂಜಿನಲ್ಲಿ. ಈಗ ಛತ್ರಪತಿ ಸಂಭಾಜಿನಗರವಾಗಿರುವ ಆ ಊರಿಗೆ ಆಗ ಔರಂಗಾಬಾದೆಂದೇ ಹೆಸರು. ಇಬ್ಬರನ್ನೂ ಮಾತಾಡಿಸಿ ಬರುವುದು ನನ್ನ ಪ್ರಯಾಣದ ಉದ್ದೇಶ.

ಸೊಲ್ಲಾಪುರ, ದೌಂಡ್, ಅಹಮದನಗರ ದಾಟಿ ಸಂಜೆ ಮನ್ಮಾಡಿನಲ್ಲಿ ಇಳಿದೆ. ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ನಾಸಿಕ್ ರೋಡ್. ಫೆಬ್ರವರಿಯ ಕೊನೆ, ಹಗಲೆಲ್ಲ ಬೆವರು, ಹೊತ್ತು ಮುಳುಗಿದೊಡನೆ ಕಿವಿಗೆ ಮಫ್ಲರು ಬೇಕೆನಿಸುವ ಚಳಿ. ಸ್ಟೇಷನ್ನಿಗೆ ಗೆಳೆಯ ಬಸಣ್ಣ ಬಂದಿದ್ದ. ಓಝರಿನ ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಇಂಜಿನಿಯರು. ಅವನ ಕನ್ನಡದಲ್ಲಿ ಈಗ ಅರ್ಧ ಮರಾಠಿ. "ಏನಲೇ, ಈ ವಯಸ್ಸಿಗೆ ಅಭ್ಯಾಸ? ಪಾಸಾದ್ರ ನೋಕ್ರಿ ಕೊಡ್ತಾರೇನು, ನಾಪಾಸಾದ್ರ ಲಗ್ನಕ್ಕ ಮುಲಗಿ ಕೊಡಂಗಿಲ್ಲಂತಾರೇನು?" ಎಂದು ನನ್ನ ಬ್ಯಾಗು ಕಿತ್ತುಕೊಂಡ.

ಮರುದಿನ ಅವನ ಹಳೆಯ ಕಾರಿನಲ್ಲಿ ಓಝರಿನಿಂದ ಹೊರಟೆವು. ರಸ್ತೆಯ ಬದಿಗೆಲ್ಲ ದ್ರಾಕ್ಷಿಯ ಗಾಡಿಗಳು. ನಾಸಿಕಕ್ಕೆ ಬಂದವನು ಗೋದಾವರಿ ನೋಡದೆ ಹೋಗಬಾರದೆಂದು ಬಸಣ್ಣ ರಾಮಕುಂಡದ ಬಳಿ ನಿಲ್ಲಿಸಿದ. ಎಲ್ಲೆಲ್ಲಿಂದಲೋ ಬಂದ ಕುಟುಂಬಗಳು ಹಿತ್ತಾಳೆಯ ಚೊಂಬಿನಲ್ಲಿ, ಮಣ್ಣಿನ ಮಡಕೆಯಲ್ಲಿ, ಒಂದು ಮನೆಯವರಂತೂ ಬಿಸ್ಕತ್ತಿನ ಡಬ್ಬಿಯಲ್ಲಿ ತಮ್ಮವರ ಅಸ್ಥಿ ತಂದು ನೀರಿಗೆ ಬಿಡುತ್ತಿದ್ದರು. ಬಿಟ್ಟವರು ಹಗುರಾಗಿ ಮೇಲೆ ಬಂದು ಚಹಾ ಕುಡಿಯುತ್ತಿದ್ದರು. ಸುಟ್ಟು ಬೂದಿ ಮಾಡುವವರಿಗೆ ಇಷ್ಟಾದರೂ ಅನುಕೂಲವಿದೆಯಲ್ಲ ಎಂದು ನನಗೆ ಅನ್ನಿಸಿತು. ನಮ್ಮಲ್ಲಿ ಹಾಗಿಲ್ಲ. ನಾವು ಲಿಂಗವಂತರು ಸತ್ತವರನ್ನು ಕುಣಿಯಲ್ಲಿ ಕೂರಿಸುತ್ತೇವೆ. ಬದುಕಿರುವಷ್ಟು ದಿನ ಕೊರಳಲ್ಲಿದ್ದ ಅವರದೇ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ ಮುಚ್ಚುತ್ತೇವೆ. ಒಬ್ಬರಿಗೆ ಒಂದೇ ಲಿಂಗ. ಅವರ ಜೊತೆಗೆ ಬಂದದ್ದು ಅವರ ಜೊತೆಗೇ ಹೋಗಬೇಕು.

ದೇವಳಾಲಿ ಕ್ಯಾಂಪಿನ ರಸ್ತೆಗಳು ಸ್ಕೇಲು ಇಟ್ಟು ಎಳೆದಂತಿವೆ. ಮರಗಳ ಬುಡಕ್ಕೆ ಸುಣ್ಣ; ಅಂಗಡಿಗಳಲ್ಲಿ ತಗಡಿನ ಟ್ರಂಕು, ಕ್ಯಾನ್ವಾಸ್ ಬೂಟು, ಭುಜಕ್ಕೆ ಹಚ್ಚುವ ಪಟ್ಟಿಗಳು. ಇನ್ನೂ ಕಾರಿನಿಂದ ಒಂದು ಕಾಲು ಹೊರಗಿಟ್ಟಿದ್ದೆ, ದೂರದ ಗುಡ್ಡದ ಕಡೆಯಿಂದ ಧಡ್ ಎಂದು ಸದ್ದು ಬಂತು. ಹೊಟ್ಟೆಯೊಳಗಿಂದಲೇ ಬಂದಂತಿತ್ತು. ನಾನು ಕಾಲನ್ನು ಒಳಗೆಳೆದುಕೊಂಡೆ. ಬಸಣ್ಣ ನಗುತ್ತಾ, "ತೋಪಿನ ಪ್ರ್ಯಾಕ್ಟೀಸ್ ಮಾರಾಯ, ದುಶ್ಮನ್ ಇಲ್ಲಿತನಕ ಬಂದಿಲ್ಲ" ಎಂದ. ರಸ್ತೆಯಲ್ಲಿ ಒಂದು ನಾಯಿ ಸಹ ಕಿವಿ ಎತ್ತಿರಲಿಲ್ಲ.

ಶಶಿಕಲಾ ಇದ್ದದ್ದು ಸೈನಿಕರ ಸಮವಸ್ತ್ರ ಹೊಲಿಯುವ ದರ್ಜಿಯ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ. ಬಾಗಿಲು ತೆರೆದ ಹುಡುಗಿ ನಮ್ಮನ್ನು ನೋಡಿ ಒಳಗೆ ತಿರುಗಿ, "ಆಯೀ, ಪಾಹುಣೆ ಆಲೇ" ಎಂದು ಕೂಗಿತು. ಅತಿಥಿಗಳು ಬಂದಿದ್ದಾರೆಂದು. ಅದು ಶ್ರಾವಣಿ, ಅಪ್ಪ ಸತ್ತ ಮೇಲೆ ಹುಟ್ಟಿದ ಮಗು. ಶಶಿಕಲಾ ಮೂವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಅಂಬಡದ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ಸ್ವಿಚ್ಚುಗಳನ್ನು ಜೋಡಿಸುವ ಕೆಲಸ. ಅವತ್ತು ವಾರದ ರಜೆ.

"ಕುಂದರ್ರಿ ಸರ. ಸಪ್ಪಳಕ್ಕ ಅಂಜಬ್ಯಾಡ್ರಿ, ಮಧ್ಯಾಹ್ನಕ್ಕ ಬಂದ್ ಆಗ್ತದ" ಎಂದು ಚಹಾ ಕೊಟ್ಟಳು. ಇನ್ನೊಂದು ಗುಂಡು ಹಾರಿತು. ನನ್ನ ಚಹಾ ತಟ್ಟೆಗೆ ಚೆಲ್ಲಿತು. ಶ್ರಾವಣಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು.

"ಇಂಥಾ ಸದ್ದಿನಾಗ ಯಾಕ ಉಳಿದ್ರಿ ತಂಗಿ?" ಎಂದು ಕೇಳಿದೆ. ಇದು ಪ್ರಶ್ನಾವಳಿಯಲ್ಲಿ ಇರಲಿಲ್ಲ.

"ಅವರಿಗಿ ಇಲ್ಲೇ ಟ್ರೇನಿಂಗ್ ಆಗಿತ್ತು. ಮದುವಿ ಆಗಿ ಇಲ್ಲೇ ಬಂದಿದ್ದೆ. ಊರಾಗ ಭಾಳ ಸುಮ್ಮನ ಇರ್ತದ ಸರ. ಆ ಸುಮ್ಮನ ಇರೋದು ನನಗ ತಡಿಯಂಗಿಲ್ಲ."

ನಾನು ಟೇಪ್ ರೆಕಾರ್ಡರ್ ಹೊರತೆಗೆದೆ. ಕೆಂಪು ದೀಪ ಹತ್ತಿತು. ಯುದ್ಧದ ಬಗ್ಗೆ ನಿಮ್ಮ ಮೊದಲ ನೆನಪು ಯಾವುದು ಎಂದು ಕೇಳಿದೆ. ಆಕೆ ದೀಪವನ್ನೇ ನೋಡುತ್ತಾ ಕೂತಳು. ಆಮೇಲೆ, "ಇದು ಬಂದ್ ಮಾಡ್ತೀರೇನ್ರಿ" ಎಂದಳು. ಬಂದ್ ಮಾಡಿದೆ. ಮಗಳನ್ನು ಹಾಲು ತರಲು ಕಳಿಸಿ ಮಾತು ಶುರು ಮಾಡಿದಳು.

"ಪೆಟ್ಟಿಗಿ ಬಂತ್ರಿ ಸರ. ಮೊಳಿ ಹೊಡದಿದ್ರು. ಜೋಡಿ ಬಂದ ಸುಭೇದಾರ್ ಸಾಹೇಬ್ರು ತೆಗೀಬ್ಯಾಡ್ರಿ ಅಂತ ಕೈ ಮುಗದ್ರು. ಊರವರಿಗೆ ಅದೇನು ತಿಳೀಬೇಕು? ನಮ್ಮ ಪದ್ಧತಿ ಪ್ರಕಾರ ಕುಂಡ್ರಸೋ ಕುಣಿ ತೋಡಿ ಇಟ್ಟಿದ್ರು. ಚೌಕ. ಒಳಗ ಗೂಡು ಸೈತ ಕೊರ್ದಿದ್ರು. ಪೆಟ್ಟಿಗಿ ತಗೊಂಡ್ ಹೋಗಿ ನೋಡ್ತಾರ, ಹಿಡೀವಲ್ದು. ಮಂದಿ ಎಲ್ಲಾ ನಿಂತದ, ಮಂತ್ರಿಗಳು ಗಡಿಯಾರ ನೋಡ್ಲಾಕತ್ಯಾರ, ಬಂದೂಕಿನವರು ಸಾಲಾಗಿ ನಿಂತಾರ. ಪೆಟ್ಟಿಗಿ ಬಿಸಲಾಗ ಇಟ್ಟು ಮತ್ತ ಉದ್ದ ತೋಡಿದ್ರು. ಗುದ್ದಲಿ ಸಪ್ಪಳ ಒಂದಽ ಕೇಳ್ತಿತ್ತು. ಆಗ ನಮ್ಮತ್ತಿ ಎಲ್ಲಾರ ಎದುರಿಗಿ ನನ್ನ ಕೇಳಿದ್ಳು: ನನ್ನ ಮಗನ ಲಿಂಗ ಎಲ್ಲದ?"

ಲಿಂಗ ಎಲ್ಲಿದೆಯೆಂದು ಆಕೆಗೆ ಗೊತ್ತಿರಲಿಲ್ಲ. ಗಂಡ ಕೊರಳಲ್ಲಿ ಕಟ್ಟಿಕೊಂಡೇ ಹೋಗಿದ್ದ. ಎರಡು ತಿಂಗಳ ಮೇಲೆ ಅವನ ಟ್ರಂಕು ದೇವಳಾಲಿಗೆ ಬಂತು. ಸಮವಸ್ತ್ರದ ಮಡಿಕೆಯೊಳಗೆ ಬೆಳ್ಳಿಯ ಕರಡಿಗೆ, ಅದರಲ್ಲಿ ಲಿಂಗ. ಗುಡ್ಡ ಹತ್ತುವ ಮುಂಚೆ ತೆಗೆದಿಟ್ಟಿದ್ದನಂತೆ. ಆಕೆ ಅದನ್ನು ತೆಗೆದುಕೊಂಡು ಎಳೆಗೂಸಿನ ಜೊತೆ ವಾಳೂಜಿಗೂ ಹೋಗಿದ್ದಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತವಳು ಸಂಜೆಯವರೆಗೆ ತಿರುಗಲಿಲ್ಲ. ಆಕೆ ಮರಳಿ ಬಂದಳು. ಆಮೇಲೆ ನಮ್ಮ ಕಡೆಯವರು ಯಾರು ಔರಂಗಾಬಾದಿಗೆ ಹೊರಟರೂ ಒಯ್ದು ಕೊಡಿ ಎಂದು ಕೇಳಿದಳು. ಸತ್ತವನ ಲಿಂಗ ಹೊತ್ತುಕೊಂಡು ತಿರುಗಲು ಯಾರಿಗೂ ಧೈರ್ಯವಾಗಲಿಲ್ಲ.

"ಗೋದಾವರಿಗಿ ಬಿಟ್ಟಿದ್ರ ಆಗ್ತಿತ್ತಲ್ಲ ವೈನಿ" ಎಂದ ಬಸಣ್ಣ ಮೆಲ್ಲಗೆ.

"ನೀರಾಗ ಹ್ಯಾಂಗ ಬಿಡ್ಲಿ ಅಣ್ಣಾ? ಅವರೇನ್ ನೀರಾಗ ಅದಾರೇನು?" ಎಂದಳು. ಮತ್ತೆ ನನ್ನ ಕಡೆ ತಿರುಗಿ, "ನೀವಽ ಹೇಳ್ರಿ ಸರ, ನೀವು ಇದನ್ನಽ ಓದ್ಲಾಕತ್ತೀರಿ. ಲಿಂಗ ಅಂದ ಮ್ಯಾಲ ದಿನಾ ಪೂಜಿ ಆಗಬೇಕು. ಇದಕ್ಕ ಪೂಜಿ ಮಾಡಿದ್ರ ಅವರು ಇನ್ನಾ ಇದ್ದಾರಂತ ಆಯ್ತು. ಬಿಟ್ರ ನಾನಽ ಅವರನ್ನ ಸಾಯಿಸಿದಂಗ ಆಯ್ತು."

"ಮತ್ತ ಏನ್ ಮಾಡಿದ್ರಿ?"

ಆಕೆ ಎದ್ದಳು. ಒಳಗೆ ಹೋಗಿ ಕೆಂಪು ಬಟ್ಟೆಯ ಒಂದು ಪುಟ್ಟ ಗಂಟು ತಂದು ನನ್ನ ಮುಂದೆ ಹಿಡಿದಳು. "ಅತ್ತಿ ಕೈಯಾಗ ಕೊಡ್ರಿ. ತಗೊಂಡ್ರ ತಗೋಲಿ. ಒಲ್ಲೆ ಅಂದ್ರ ಹೊಳ್ಳಿ ನನಗಽ ತಂದು ಕೊಡ್ರಿ. ನಡುವ ಎಲ್ಲೂ ಬಿಡಬ್ಯಾಡ್ರಿ. ನನಗ ಇನ್ನ ಇದನ್ನ ಒಬ್ಬಾಕಿನಽ ಇಟ್ಕೊಳ್ಳಾಕ ಆಗವಲ್ದು."

ಬೇಡವೆನ್ನಲು ನನ್ನ ಬಳಿ ಹತ್ತಾರು ಕಾರಣಗಳಿದ್ದವು; ಅವೆಲ್ಲವನ್ನೂ ಜೋಡಿಸಿ ಹೇಳುವಷ್ಟರಲ್ಲಿ ಗಂಟು ನನ್ನ ಅಂಗೈಯಲ್ಲಿತ್ತು. ಭಾರವೇನಿಲ್ಲ. ನನ್ನದೇ ಲಿಂಗ ದೇವರ ಜಗಲಿಯ ಡಬ್ಬಿಯೊಳಗೆ ಹಬ್ಬದಿಂದ ಹಬ್ಬಕ್ಕೆ ಮಾತ್ರ ಬೆಳಕು ಕಾಣುತ್ತದೆ. ಅಂಥವನು ಈಗ ಇನ್ನೊಬ್ಬನದನ್ನು ಹೊತ್ತು ಜಿಲ್ಲೆ ದಾಟಬೇಕಿತ್ತು.

ಮಾರನೆಯ ದಿನ ಬೆಳಿಗ್ಗೆ ನಾಸಿಕದ ಬಸ್ ಸ್ಟ್ಯಾಂಡಿನಲ್ಲಿ ಔರಂಗಾಬಾದಿನ ಎಸ್.ಟಿ. ಬಸ್ಸು ಹತ್ತಿದೆ. ನೂರೆಂಬತ್ತು ಕಿಲೋಮೀಟರಿಗೂ ಮಿಗಿಲು, ಐದು ತಾಸಿನ ದಾರಿ ಎಂದರು. ಗಂಟನ್ನು ಎಲ್ಲಿಡುವುದೆಂಬುದೇ ನನ್ನ ಸಮಸ್ಯೆ. ಬ್ಯಾಗಿನಲ್ಲಿಟ್ಟರೆ ಬ್ಯಾಗು ಕಾಲ ಬಳಿ ಇರುತ್ತದೆ, ಕಾಲು ತಾಗಬಾರದು. ಮೇಲಿನ ಹಲಗೆಯಲ್ಲಿಟ್ಟರೆ ಪಕ್ಕದಲ್ಲಿ ಯಾರೋ ಕೋಳಿಯ ಬುಟ್ಟಿ ಇಟ್ಟಿದ್ದರು. ಕೊರಳಿಗೆ ಕಟ್ಟಿಕೊಳ್ಳುವುದಂತೂ ಆಗದ ಮಾತು. ಕೊನೆಗೆ ಅಂಗಿಯ ಜೇಬಿನಲ್ಲಿಟ್ಟು, ಬಸಣ್ಣನ ಹೆಂಡತಿ ಕೊಟ್ಟ ಪಿನ್ನು ಚುಚ್ಚಿ, ಮೇಲೊಂದು ಸ್ವೆಟರ್ ಹಾಕಿಕೊಂಡೆ. ಹಗಲೇರಿದಂತೆ ಬೆವರು ಇಳಿಯತೊಡಗಿತು. ಸ್ವೆಟರ್ ತೆಗೆಯಲಿಲ್ಲ. ಪಕ್ಕದಲ್ಲಿದ್ದ ಮುದುಕರು ನನ್ನ ಕೈ ಎದೆಯ ಮೇಲೆಯೇ ಇರುವುದನ್ನು ನೋಡಿ ನೋಡಿ ಹಿಂದಿಯಲ್ಲಿ, "ಹೃದಯದ ತೊಂದರೆಯೇ?" ಎಂದರು. ಹೌದೆಂದೆ. ಅಲ್ಲಿಂದ ವೈಜಾಪುರದವರೆಗೆ ಅವರು ತಮ್ಮ ಆಪರೇಷನ್ನಿನ ಕಥೆ ಹೇಳಿದರು.

ಯೇವಲಾದಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿದು ವಡಾಪಾವ್, ಮಿಸಳ್ ತಿಂದರು. ನನ್ನ ಪಕ್ಕದ ಮೇಜಿನಲ್ಲಿ ಯಾರೋ ಆಮ್ಲೆಟ್ ತರಿಸಿದರು. ನಾನೆದ್ದು ಹೊರಗೆ ಬಂದೆ. ಮೂತ್ರಕ್ಕೆ ಹೋಗಬೇಕಿತ್ತು. ಜೇಬಿನಲ್ಲಿ ಇದನ್ನಿಟ್ಟುಕೊಂಡು ಹೇಗೆ ಹೋಗುವುದು? ಯಾರ ಕೈಗೆ ಕೊಡುವುದು? ತಡೆದುಕೊಂಡೇ ಬಸ್ಸಿನಲ್ಲಿ ಬಂದು ಕೂತೆ. ದಾರಿಯುದ್ದಕ್ಕೂ ಈರುಳ್ಳಿಯ ಹೊಲಗಳು, ಆಮೇಲೆ ಒಣನೆಲ. ಯುದ್ಧದ ಆ ಬೇಸಿಗೆಯಲ್ಲಿ ನಮ್ಮೂರಿನ ಚಹಾದಂಗಡಿಗಳ ಟಿ.ವಿ. ಮುಂದೆ ನಿಂತು ನಾವೆಲ್ಲ ಗುಡ್ಡಗಳ ಹೆಸರು ಬಾಯಿಪಾಠ ಮಾಡಿದ್ದೆವು. ಕ್ರಿಕೆಟಿನ ಸ್ಕೋರು ಕೇಳಿದಂತೆ ಯಾವ ಶಿಖರ ಬಂತು ಎಂದು ಕೇಳುತ್ತಿದ್ದೆವು. ಆ ಹೆಸರುಗಳಲ್ಲಿ ನನಗೀಗ ಒಂದೋ ಎರಡೋ ನೆನಪಿವೆ. ಎಲ್ಲರೂ ಕೂಡಿ ನೆನಪಿಟ್ಟುಕೊಳ್ಳುವುದರಲ್ಲಿ ಈ ಒಂದು ಸೌಕರ್ಯವಿದೆ: ಪ್ರತಿಯೊಬ್ಬನೂ ಉಳಿದವರು ಇಟ್ಟುಕೊಂಡಿರುತ್ತಾರೆಂದು ತಾನು ಕೈಬಿಡಬಹುದು. ಜೇಬಿನಲ್ಲಿದ್ದದ್ದನ್ನು ಹಾಗೆ ಕೈಬಿಡುವಂತಿರಲಿಲ್ಲ.

ಔರಂಗಾಬಾದ್ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ವಾಳೂಜಿಗೆ ಹೋಗುವ ಕರಿಯ ಟೆಂಪೋದಲ್ಲಿ ಆರು ಜನ ಕೂರುವಲ್ಲಿ ಹನ್ನೊಂದು ಜನ ಕೂತೆವು. ನನ್ನ ಮೊಣಕೈ ಎದೆಗೆ ಅಡ್ಡವಾಗಿ ಗೋಡೆಯಂತೆ ನಿಂತಿತ್ತು. ಎರಡೂ ಬದಿಗೆ ಕಾರ್ಖಾನೆಗಳ ಉದ್ದುದ್ದ ಕಾಂಪೌಂಡು, ಗೇಟಿನ ಹೊರಗೆ ಊಟದ ಡಬ್ಬಿ ಹಿಡಿದು ನಿಂತ ಗುತ್ತಿಗೆಯ ಕಾರ್ಮಿಕರು. ನಾಕಾದ ಬಳಿ ಶಿವರಾಜ ಕಾಯುತ್ತಿದ್ದ. ಮಲ್ಲಿಕಾರ್ಜುನನ ತಮ್ಮ, ವಾಹನಗಳ ಬಿಡಿಭಾಗ ಒತ್ತುವ ಘಟಕದಲ್ಲಿ ಕೆಲಸ. ಮೀಸೆ ಇಲ್ಲದ, ಎಣ್ಣೆಯ ವಾಸನೆಯ, ನಿದ್ದೆಗೆಟ್ಟ ಮುಖ. ಊರಿನ ಮೂರ್ತಿಯಂತಲ್ಲ, ಅಣ್ಣ ಹೀಗೇ ಇದ್ದಿರಬೇಕೆಂದುಕೊಂಡೆ. ನನ್ನ ಮೊದಲ ಬೇಡಿಕೆ ಪಾಯಖಾನೆ ಎಲ್ಲಿ ಎಂಬುದು. ಗಂಟನ್ನು ಅವನ ಕೈಗೆ ಕೊಟ್ಟೆ.

ನಾನು ಹೊರಬಂದಾಗ ಅವನು ಅದನ್ನು ಹಿಡಿದ ಕೈಯನ್ನು ಮೈಯಿಂದ ದೂರ ಚಾಚಿಕೊಂಡು ನಿಂತಿದ್ದ. "ವೈನಿ ಕಳಿಸ್ಯಾಳಲ್ರಿ ಇದು? ತಗೋರಿ ಸರ, ನೀವಽ ಹಿಡ್ಕೋರಿ" ಎಂದು ನನಗೇ ಮರಳಿ ಕೊಟ್ಟ. ಮತ್ತೆ ಜೇಬಿಗಿಟ್ಟು ಪಿನ್ನು ಚುಚ್ಚಿದೆ. ದಾರಿಯಲ್ಲಿ ಹೇಳಿದ: "ಅವ್ವನ ಮುಂದ ತೆಗಿಯೋಕಿಂತ ಮೊದಲ ಒಂದು ಮಾತು ಕೇಳ್ರಿ. ಅವ್ವನ ಕೊಳ್ಳಾಗ ಲಿಂಗ ಇಲ್ಲ. ಅಣ್ಣನ ಮಣ್ಣಾದ ದಿನದಿಂದ ಇಲ್ಲ. ಎಲ್ಲಿ ಹೋಯ್ತಂದ್ರ ಕಳಕೊಂಡೀನಿ ಅಂತಾಳ. ಅಯ್ನೋರ ಕಡಿಂದ ಹೊಸಾದು ಕಟ್ಟಿಸ್ಕೋ ಅಂದ್ರ ಒಲ್ಲೆ ಅಂತಾಳ. ಲಿಂಗ ಇಲ್ಲದಾಕಿ ಮನಿ ಅಂತ ಊರಾಗ ಅಯ್ನೋರು ನಮ್ಮಲ್ಲಿ ನೀರು ಸೈತ ಕುಡೀಲಿಲ್ಲ. ಮಂದಿ ಬಾಯಿ ತಡೀಲಾರ್ದಽ ಇಲ್ಲಿಗಿ ಬಂದೀವಿ. ಊರಾಗಿನ ಮನಿಗಿ ಹುತಾತ್ಮನ ಮನೀ ಅಂತ ಬೋರ್ಡ್ ಹಾಕಿದ್ರು, ಒಳಗ ಬಂದು ಚಾ ಕುಡಿಯೋರು ಒಬ್ರಿರ್ಲಿಲ್ಲ."

ಅಯ್ನೋರು ಎಂದರೆ ನಮ್ಮಲ್ಲಿ ಲಿಂಗದೀಕ್ಷೆ ಕೊಡುವ, ಮಣ್ಣಿನ ಸಂಸ್ಕಾರ ಮಾಡುವ ಜಂಗಮರು. ಅವರು ಕಾಲಿಡದ ಮನೆಯೆಂದರೆ ಜಾತಿಯವರು ಯಾರೂ ಕಾಲಿಡದ ಮನೆ.

ತಗಡಿನ ಮಾಡಿನ ಒಂದೇ ಕೋಣೆ, ಹಿಂದೆ ಅಡುಗೆಗೆ ಜಾಗ. ತಾಯಿ ಗುರುಬಸಮ್ಮ ಕೌದಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಸಣಕಲು ಜೀವ. ಕೊರಳು ಬರಿದು. "ಯಾರಪ್ಪ ತಮ್ಮಾ? ಎಲ್ಲಿಂದ ಬಂದಿ?" ಎಂದಳು. ಗುಲ್ಬರ್ಗದಿಂದ, ಓದುತ್ತಿದ್ದೇನೆ ಎಂದೆ. ನನ್ನ ಬಿಳಿ ಕೂದಲು ನೋಡಿ, "ಇನ್ನಾ ಸಾಲಿ ಮುಗದಿಲ್ಲೇನು?" ಎಂದಳು. ಶಿವರಾಜ ನಕ್ಕ. ಅವಳು ನಗಲಿಲ್ಲ.

ಟೇಪ್ ರೆಕಾರ್ಡರ್ ಹೊರತೆಗೆಯುವ ಧೈರ್ಯ ನನಗಾಗಲಿಲ್ಲ. ಪಿನ್ನು ಬಿಚ್ಚುವಾಗ ಬೆರಳಿಗೆ ಎರಡು ಸಲ ಚುಚ್ಚಿಕೊಂಡೆ. ಗಂಟನ್ನು ಅವಳ ಮುಂದೆ ಹಿಡಿದು, ನಿಮ್ಮ ಸೊಸೆ ಕಳಿಸಿದ್ದಾರೆ ಎಂದೆ. ಅವಳ ತಲೆ ಗೋಡೆಯ ಕಡೆ ತಿರುಗಿತು. ಹೊರಗೆ ಯಾವುದೋ ಶಿಫ್ಟಿನ ಸೈರನ್ ಕೂಗಿ ನಿಂತಿತು. ನಾನು ಕೈ ಚಾಚಿಕೊಂಡೇ ಇದ್ದೆ. ತೋಳು ನೋಯತೊಡಗಿತು. ಒಲ್ಲೆ ಅಂದರೆ ಇದನ್ನು ಮತ್ತೆ ಅದೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಕಲ್ಲ, ಮತ್ತೆ ಆ ಹೆಂಗಸಿನ ಮುಖ ನೋಡಬೇಕಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.

ಮುಖ ತಿರುಗಿಸದೆಯೇ ಅವಳು ಕೈ ಮುಂದೆ ಮಾಡಿದಳು. ಬೆರಳುಗಳಿಂದಲೇ ಗಂಟು ಬಿಚ್ಚಿ ಕರಡಿಗೆ ತೆರೆದು ಲಿಂಗ ಹೊರತೆಗೆದಳು. ಹೆಬ್ಬೆರಳಿನಿಂದ ಸವರಿದಳು. ಆಮೇಲೆ ನೋಡಿದಳು. ಅದರ ಮೇಲಿನ ಕರಿಯ ಲೇಪ, ಕಂತಿ, ಎಲ್ಲೂ ಬಿರಿದಿರಲಿಲ್ಲ, ಮಿರುಗುತ್ತಿತ್ತು. ಅಂಚಿಗೆ ವಿಭೂತಿಯ ಬಿಳುಪು ಹೊಸದಾಗಿಯೇ ಇತ್ತು. ಮೂಗಿನ ಹತ್ತಿರ ಹಿಡಿದು ಮೂಸಿದಳು.

"ಇದು ನೀರು ಕಂಡದ" ಎಂದಳು. "ದಿನಾ ಕಂಡದ. ಯಾರು ಪೂಜಿ ಮಾಡ್ಯಾರ ಇದಕ್ಕ?"

ಶಶಿಕಲಾ ಹೇಳದೆ ಬಿಟ್ಟ ಉತ್ತರ ನನಗೆ ಆಗ ಸಿಕ್ಕಿತು. "ಅವರಽ ಇರಬೇಕವ್ವ. ಬ್ಯಾರೆ ಯಾರು?" ಎಂದೆ.

"ಒಂಬತ್ತು ವರ್ಷ?" ಅವಳು ಮಗನ ಕಡೆ ನೋಡಿದಳು. "ಒಂಬತ್ತು ವರ್ಷ ಆಕಿ ಹೋದವನ್ನ ದಿನಾ ಎಬ್ಬಿಸಿ ಮಲಗಿಸ್ಯಾಳ?"

ಆಮೇಲೆ ಅವಳು ಹೇಳಿದ್ದನ್ನು ನಾನು ಹೇಳಿದಂತೆಯೇ ಬರೆಯಲು ನೋಡುತ್ತೇನೆ. ಯಂತ್ರವಿರಲಿಲ್ಲ, ಮರೆಯುವಂಥದ್ದೂ ಆಗಿರಲಿಲ್ಲ.

"ನಂದು ಕಳದಿಲ್ಲ ತಮ್ಮಾ. ಕುಣಿ ಮುಚ್ಚೋ ಮುಂದ ಎಲ್ಲಾರೂ ಹಿಡಿ ಮಣ್ಣು ಹಾಕ್ಲಾಕತ್ತಿದ್ರು. ನನ್ನ ಮಗನ್ನ ಅಡ್ಡ ಮಲಗಿಸಿದ್ರು. ಕುಂಡ್ರಸಲಿಲ್ಲ. ಕೈಯಾಗ ಏನೂ ಇಲ್ಲ. ಅಷ್ಟ್ರಾಗ ಬಂದೂಕು ಹಾರಿಸಿದ್ರು. ಎಲ್ಲಾ ಮಂದಿ ಮ್ಯಾಲ ನೋಡ್ತು. ಹೊಗಿ ನೋಡ್ತು. ಆವಾಗ ನಾ ಕೊಳ್ಳಾಗಿಂದು ಕಿತ್ತು ಮಣ್ಣಿನ ಜೋಡಿ ಒಳಗ ಹಾಕ್ದೆ. ಬರಿಗೈಲೆ ಹೋಗಬಾರ್ದಂತ."

ಶಿವರಾಜ ಅವಳ ಮುಂದೆ ಬಂದು ಕೂತ. "ಅವ್ವಾ, ನನಗಾರ ಹೇಳಬಾರ್ದಾ? ಊರ ಮುಂದ ನಾ ಎಷ್ಟು ಕೇಳಿಸ್ಕೊಂಡೀನಿ!"

"ಹೇಳಿದ್ರ ಕುಣಿ ತೆಗೀತಿದ್ರು. ತಪ್ಪಾಗ್ಯದ ಅಂತ ನಂದು ಹೊರಗ ತೆಗೀತಿದ್ರು. ಆಕಿ ಇದನ್ನ ಹಿಡ್ಕೊಂಡು ಬಂದಾಗ ನಾ ಮಾರಿ ತಿರುವಿದ್ದು ಅದಕ್ಕಽ. ಇದನ್ನ ಕುಣ್ಯಾಗ ಇಡ್ರಿ ಅಂತಾಳ, ಕುಣಿ ತೆಗೀರಿ ಅಂತಾಳ ಅಂತ. ಆಕಿ ಮ್ಯಾಲ ನನಗೇನ್ ಸಿಟ್ಟು? ಆಕಿ ಬಾಯಿಗಿ ಅಂಜಿದ್ದೆ."

ಅವಳು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು ನೆಟ್ಟಗೆ ಕೂತಳು. "ನಂದು ಅವನ ಹತ್ರ ಅದ. ಅವಂದು ನನ್ನ ಹತ್ರ ಇರ್ಲಿ. ಶಿವ್ಯಾ, ಕೇಳು. ಈ ಮಾಸ್ತರ ಎದುರಿಗಿ ಹೇಳ್ಲಾಕತ್ತೀನಿ. ನಾ ಸತ್ತಾಗ ಇದನ್ನಽ ನನ್ನ ಕೈಯಾಗ ಇಡಬೇಕು. ನನ್ನ ಕುಂಡ್ರಸಬೇಕು. ಅವನ ಪಾಲಿಂದು ನನಗರ ಆಗ್ಲಿ."

ಶಿವರಾಜ ತಲೆ ಎತ್ತಲಿಲ್ಲ. "ಆಗಂಗಿಲ್ಲ ಅವ್ವಾ. ಒಬ್ಬರ ಲಿಂಗ ಇನ್ನೊಬ್ಬರ ಕೈಯಾಗ ಇಡಂಗಿಲ್ಲ. ಅಯ್ನೋರು ಕುಣಿ ಹತ್ರ ಸೈತ ಬರಂಗಿಲ್ಲ."

"ನೀ ಹೂಂ ಅನ್ನು."

ಅವನು ಅನ್ನಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. "ಆಕಿಗಿ ಫೋನ್ ಹಚ್ಚು" ಎಂದಳು. ನಾನೇ ಹಚ್ಚಿಕೊಟ್ಟೆ. ಶಶಿಕಲಾ ಡ್ಯೂಟಿಯಲ್ಲಿದ್ದಳು, ಫೋನು ಮನೆಯಲ್ಲಿತ್ತು. ಶ್ರಾವಣಿ ಎತ್ತಿಕೊಂಡು ಮರಾಠಿಯಲ್ಲಿ ಯಾರು ಯಾರು ಎಂದಿತು. ಫೋನನ್ನು ಮುದುಕಿಯ ಕೈಗೆ ಕೊಟ್ಟೆ. "ಉಂಡೇನವ್ವ?" ಎಂದಳು. ಅತ್ತ ಕಡೆಯಿಂದ ಹುಡುಕಿ ಹುಡುಕಿ ಜೋಡಿಸಿದ ಕನ್ನಡದಲ್ಲಿ ಬಂತು: "ಹೋ. ಉಂಡೀನಿ. ನೀವು ಕೋಣ?" ನೀವು ಯಾರೆಂದು. ಮುದುಕಿ ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಳು. ಅತ್ತ ಇಟ್ಟುಬಿಟ್ಟಿದ್ದಾರೆಂದು ಹೇಳಿದರೂ ತೆಗೆಯಲಿಲ್ಲ.

ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಸಂಜೆ ಹೊರಟೆ. ಸ್ವಜಾತಿಯವರಲ್ಲಿ ಆ ಮನೆಯಲ್ಲಿ ಊಟ ಮಾಡಿದ ಮೊದಲಿಗ ನಾನು ಎಂದು ಶಿವರಾಜ ಹೇಳಿದ್ದು ಎಲೆ ಎತ್ತಿದ ಮೇಲೆ. ಸೊಲ್ಲಾಪುರದ ಬಸ್ಸು ಹಿಡಿಯಲು ಸ್ಟ್ಯಾಂಡಿನವರೆಗೆ ಬಂದ. ಬೀಡಿನ ಮೇಲೆ, ತುಳಜಾಪುರದ ಮೇಲೆ ಹೋಗುವ ಗಾಡಿ. ಬೆಳಗಾಗುವಷ್ಟರಲ್ಲಿ ಸೊಲ್ಲಾಪುರ, ಅಲ್ಲಿಂದ ನಮ್ಮೂರು. ನನ್ನ ಜೇಬು ಖಾಲಿಯಾಗಿತ್ತು. ಕೈ ಮಾತ್ರ ಆಗಾಗ ಅಲ್ಲಿಗೇ ಹೋಗಿ ಹುಡುಕಿ ಬರುತ್ತಿತ್ತು. ಬಂದದ್ದಕ್ಕೆ ಶಿವರಾಜ ಬಯ್ಯುತ್ತಾನೇನೋ ಎಂದು ದಾರಿಯೆಲ್ಲ ಅಂಜಿದ್ದೆ. ಅವನು ನನ್ನ ಬ್ಯಾಗು ಹತ್ತಿಸಿ ಇಳಿದ. ನಾನು ಕಿಟಕಿಯ ಪಕ್ಕ ಕೂತ ಮೇಲೆ ಹೊರಗಿನಿಂದ ಸರಳು ಹಿಡಿದು ನಿಂತ.

"ಸರ, ನಿಮ್ಮ ಫೋನ್ ನಂಬರ್ ಕೊಡ್ರಿ."

ಕೊಟ್ಟೆ. ಬರೆದುಕೊಳ್ಳದೆ ಎರಡು ಸಲ ಬಾಯಲ್ಲೇ ಹೇಳಿಕೊಂಡ.

"ಅವ್ವ ಹೋದ ದಿನ ಹೇಳ್ತೀನಿ. ಅಯ್ನೋರು ಬರಂಗಿಲ್ಲ, ನಮ್ಮವರೂ ಯಾರೂ ಬರಂಗಿಲ್ಲ. ಕುಣಿ ನಾ ತೋಡ್ತೀನಿ. ಕುಂಡ್ರಸ್ತೀನಿ. ಆದ್ರ ಅದನ್ನ ಕೈಯಾಗ ಇಡೋದು ನನ್ನ ಕೈಲೆ ಆಗಂಗಿಲ್ರಿ, ನನಗ ಅಂಜಿಕಿ ಬರ್ತದ. ಅಷ್ಟು ದೂರಿಂದ ಹೊತ್ಕೊಂಡು ಬಂದೋರು ನೀವು. ನೀವಽ ಇಡಬೇಕು."

ಕಂಡಕ್ಟರ್ ಎರಡು ಸಲ ಗಂಟೆ ಹೊಡೆದ. ಬೇಡವೆನ್ನಲು ನನ್ನ ಬಳಿ ಆಗಲೂ ಕಾರಣಗಳಿದ್ದವು. ಬರುತ್ತೇನೆ ಎಂದೆ. ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಶಿವರಾಜ ಆಗಲೇ ರಾತ್ರಿ ಶಿಫ್ಟಿನ ಕಡೆ ಹೆಜ್ಜೆ ಹಾಕುತ್ತಿದ್ದ.

ಎಂ.ಫಿಲ್. ಮುಗಿಯಿತು. ವಾಳೂಜಿನ ಕೋಣೆ ನನ್ನ ಪ್ರಬಂಧದಲ್ಲಿಲ್ಲ. ಮಾರ್ಗದರ್ಶಕಿ ಕೇಳಿದಾಗ ಟೇಪಿನಲ್ಲಿ ಏನೂ ಬಂದಿಲ್ಲವೆಂದೆ, ಅದು ನಿಜವೂ ಹೌದು. ಅಂದಿನಿಂದ ಫೋನನ್ನು ಎಷ್ಟೋ ಸಲ ಬದಲಾಯಿಸಿದ್ದೇನೆ. ಮಕ್ಕಳು ಅಗ್ಗದ ಹೊಸ ಸಿಮ್ ತಂದು ಹಾಕುತ್ತೇವೆಂದು ಪ್ರತಿ ವರ್ಷ ಜಗಳಾಡುತ್ತಾರೆ. ನಂಬರ್ ಮಾತ್ರ ಬದಲಾಯಿಸಲು ಬಿಟ್ಟಿಲ್ಲ.